ಕಾರವಾರದಲ್ಲಿ ರೂಮು ಮಾಡುವ ಮೊದಲು: ಮಳೆ, ಮೀಟರು, ಮೀನು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಕೆಲಸಕ್ಕೋ ಓದಿಗೋ ಘಟ್ಟ ಇಳಿದು ಕಾರವಾರಕ್ಕೆ ಬರುವವರು ಸಾಮಾನ್ಯವಾಗಿ ಮನೆ ನೋಡುವುದು ಏಪ್ರಿಲ್-ಮೇ ತಿಂಗಳಲ್ಲಿ. ಆಗ ಇಲ್ಲಿ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಗೋಡೆ ಒಣಗಿರುತ್ತದೆ, ಹೊಸ ಬಣ್ಣ ಬಿದ್ದಿರುತ್ತದೆ, ಕಿಟಕಿ ತೆಗೆದರೆ ಸಮುದ್ರದ ಗಾಳಿ. ಅಡ್ವಾನ್ಸ್ ಕೊಟ್ಟು ಜೂನ್ ಎರಡನೇ ವಾರ ದಾಟಿದ ಮೇಲೆ ಮನೆಯ ನಿಜವಾದ ಗುಣ ಗೊತ್ತಾಗುತ್ತದೆ. ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಾಗಾಗಿ ಮನೆ ಆರಿಸುವಾಗ ಮಳೆಗಾಲವನ್ನೂ ಜೊತೆಗಾರರನ್ನು ಆರಿಸುವಾಗ ಅಡುಗೆಮನೆಯನ್ನೂ ಯೋಚಿಸಿ. ಬಾಡಿಗೆ ಎಷ್ಟು ಎಂಬುದು ಇವೆರಡರ ನಂತರದ ಮಾತು.

ಯಾವ ಬದಿಗೆ ಹುಡುಕುವುದು

ಕಾರವಾರ ಉದ್ದಕ್ಕೆ ಹರಡಿದ ಊರು. ಜಿಲ್ಲಾಧಿಕಾರಿ ಕಚೇರಿ, ಮೆಡಿಕಲ್ ಕಾಲೇಜು ಎಂದು ಊರೊಳಗೇ ಕೆಲಸ ಇದ್ದವರಿಗೆ ಕಾಜುಬಾಗ, ಹಬ್ಬುವಾಡ, ಬಾಡ, ಕೋಡಿಬಾಗ, ನಂದನಗದ್ದಾ ಕಡೆ ಮನೆ ಸಿಕ್ಕರೆ ಒಳ್ಳೆಯದು. ನೌಕಾನೆಲೆಯ ಕೆಲಸಕ್ಕೆ ಅರ್ಗಾ ಕಡೆ ಹೋಗುವವರು ಬಿಣಗಾ, ತೋಡೂರು, ಅಮದಳ್ಳಿ ನೋಡಬಹುದು. ಆದರೆ ಅರ್ಗಾ, ಚೆಂಡಿಯಾ ಭಾಗದಲ್ಲಿ ಜೋರು ಮಳೆಗೆ ಹೆದ್ದಾರಿಯ ಮೇಲೇ ನೀರು ನಿಲ್ಲುತ್ತದೆ. ಮನೆಯ ಅಂಗಳ ರಸ್ತೆಗಿಂತ ಎತ್ತರವೋ ತಗ್ಗೋ ಎಂದು ನಿಂತು ನೋಡಿ. ಕೈಗಾಕ್ಕೆ ಹೋಗುವವರು ಕಾರವಾರದಲ್ಲಿ ಮನೆ ಮಾಡಿದರೆ ದಿನಾ ಹೋಗಿಬರುವ ದಾರಿಯೇ ನೂರು ಕಿ.ಮೀ. ಆಗುತ್ತದೆ. ಕಂಪನಿ ಬಸ್ಸು ನಿಲ್ಲುವ ಜಾಗ, ಹೊತ್ತು ಕೇಳಿಕೊಂಡೇ ಮುಂದುವರಿಯಿರಿ. ಮಲ್ಲಾಪುರ, ಕದ್ರಾ ಕಡೆ ನೋಡುವುದಾದರೆ 2019ರಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಈ ಮನೆಗೆ ನೀರು ಬಂದಿತ್ತೇ ಎಂದು ಪಕ್ಕದ ಮನೆಯವರನ್ನು ಕೇಳಿ. ಓನರ್ ಇದನ್ನು ತಾವಾಗಿ ಹೇಳುವುದಿಲ್ಲ.

ಸದಾಶಿವಗಡದಲ್ಲಿ ಮನೆ ಹಿಡಿದು ಊರೊಳಗೆ ಕೆಲಸ ಮಾಡುವವರಿಗೆ ಕಾಳಿ ಸೇತುವೆಯೊಂದೇ ದಾರಿ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ವಿಷಯ ಗೊತ್ತೇ ಇದೆ. ಬೆಳಗಿನ ಓಡಾಟಕ್ಕೆ ಸ್ವಲ್ಪ ಹೊತ್ತು ಹೆಚ್ಚಿಗೆ ಇಟ್ಟುಕೊಳ್ಳಿ. ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ, ಬಸ್ ನಿಲ್ದಾಣದಿಂದ ದೂರ. ರಾತ್ರಿ ರೈಲಿಗೆ ಬಂದಿಳಿಯುವವರಿಗೆ ಆಟೋ ಖರ್ಚು ಗಟ್ಟಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ ಇರುವುದರಿಂದ ಎರಡು ಸ್ಟಾಪು ಆಚೆಯ ಮನೆ ಹಿಡಿದರೂ ನಷ್ಟವಿಲ್ಲ. ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಮಾತ್ರ ಕೇಳಿಕೊಂಡಿರಿ.

ಊರು ಹೊಸತಾದರೆ ಮೊದಲ ತಿಂಗಳು ಪಿ.ಜಿ.ಯಲ್ಲೋ ಪರಿಚಯದವರ ಮನೆಯಲ್ಲೋ ಇದ್ದು ಹುಡುಕುವುದು ಲೇಸು. ಇಲ್ಲಿ ಒಳ್ಳೆಯ ಮನೆಗಳು ಆನ್‌ಲೈನಿಗೆ ಬರುವುದೇ ಕಡಿಮೆ. ಕಿರಾಣಿ ಅಂಗಡಿ, ಹಾಲಿನ ಬೂತು, ಆಫೀಸಿನ ಸಿಬ್ಬಂದಿ, ಇವರ ಬಾಯಿಂದ ಬಾಯಿಗೆ ಸುದ್ದಿ ಹೋಗುತ್ತದೆ. ಆನ್‌ಲೈನಿನಲ್ಲಿ ‘ನೇವಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಮನೆ ಖಾಲಿ ಇದೆ, ಟೋಕನ್ ಹಾಕಿ’ ಎನ್ನುವವರ ಬಗ್ಗೆ ಹುಷಾರು. ನೌಕಾನೆಲೆಯ ಊರಾದ್ದರಿಂದ ಈ ಮಾತು ಇಲ್ಲಿ ಸುಲಭವಾಗಿ ನಂಬಿಸುತ್ತದೆ. ಬಾಗಿಲು ತೆಗೆಸಿ ಒಳಗೆ ಹೋಗಿ ನೋಡದ ಮನೆಗೆ ಒಂದು ರೂಪಾಯಿಯೂ ಬೇಡ. ‘ನಿಮ್ಮ ಹಣ ವಾಪಸ್ ಹಾಕ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂದರೆ ಫೋನು ಇಟ್ಟುಬಿಡಿ; ಹಣ ಪಡೆಯಲು ಯಾರೂ ಪಿನ್ ಒತ್ತಬೇಕಾಗಿಲ್ಲ.

‘ಬ್ಯಾಚುಲರ್‌ಗಳಿಗೆ ಕೊಡೋದಿಲ್ಲ’, ‘ಯಾವ ಜನ?’ ಎಂಬ ಎರಡೂ ಮಾತು ಕೇಳಬೇಕಾಗುತ್ತದೆ. ಎರಡನೆಯದನ್ನು ಕೇಳುವವರ ಮನೆಯಲ್ಲಿ ಮುಂದೆಯೂ ಕಿರಿಕಿರಿ ತಪ್ಪುವುದಿಲ್ಲ, ಬೇರೆ ನೋಡಿ. ಮೊದಲನೆಯದಕ್ಕೆ ಕೆಲಸದ ಪತ್ರ, ಊರಿನ ಹಿರಿಯರೊಬ್ಬರ ಫೋನು ಸಾಕಾಗುತ್ತದೆ.

ಬೇಸಿಗೆಯಲ್ಲಿ ನಿಂತು ಮಳೆಗಾಲ ನೋಡುವುದು

ಮುಂಗಾರು ಗಾಳಿ ನೈಋತ್ಯದಿಂದ ಬೀಸುತ್ತದೆ, ಅಂದರೆ ಎರಚಲು ಹೊಡೆಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ಆ ಗೋಡೆಗಳ ಒಳಬದಿಯಿಂದ ಶುರು ಮಾಡಿ. ಕ್ಯಾಲೆಂಡರ್, ಕಪಾಟು ಏನಿದ್ದರೂ ಸರಿಸಿ ಹಿಂದೆ ನೋಡಿ, ಅಂಗೈಯಿಂದ ಸವರಿ. ಕಲೆ ಎಲ್ಲಿದೆ ಎಂಬುದರ ಮೇಲೆ ಕಾಯಿಲೆ ಗೊತ್ತಾಗುತ್ತದೆ. ನೆಲದಿಂದ ಎರಡು-ಮೂರು ಅಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಪುಡಿ ಉದುರುತ್ತಿದ್ದರೆ ಅದು ತಳಪಾಯದಿಂದ ಏರುವ ತೇವ. ಇಲ್ಲಿನ ಗೋಡೆಗಳ ಚಿರೆಕಲ್ಲು ನೀರು ಹೀರುವ ಕಲ್ಲು. ಬಾಡಿಗೆದಾರರು ಏನು ಮಾಡಿದರೂ ಇದು ನಿಲ್ಲುವುದಿಲ್ಲ. ಗೋಡೆಯ ಮೇಲ್ತುದಿಯಲ್ಲಿ, ಚಾವಣಿ ಸೇರುವಲ್ಲಿ ಕಂದು ಕಲೆ ಇದ್ದರೆ ಸೋರಿಕೆ. ಇದನ್ನು ಓನರ್ ಜೂನ್‌ಗೆ ಮೊದಲೇ ಸರಿ ಮಾಡಿಸಬೇಕು, ಮಳೆ ಹಿಡಿದ ಮೇಲೆ ಯಾವ ಮೇಸ್ತ್ರಿಯೂ ಬರುವುದಿಲ್ಲ. ಕಿಟಕಿಯ ಸುತ್ತ ಮಾತ್ರ ಕಲೆ ಇದ್ದರೆ ಎರಚಲು. ಹೊರಗೆ ಒಂದು ತಗಡಿನ ಮಾಡು ಇಳಿಸಿದರೆ ಹೋಗುತ್ತದೆ. ಗೋಡೆಯ ಒಂದು ತುಂಡಿಗೆ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲಿ ಏನೋ ಮುಚ್ಚಿದ್ದಾರೆ. ಗೋಡೆ ಕಪಾಟಿನ ಬಾಗಿಲು ತೆಗೆದು ಮೂಗು ಒಡ್ಡಿ ನೋಡಿ. ಬೂಸ್ಟಿನ ವಾಸನೆಯನ್ನು ಬಣ್ಣದಿಂದ ಮುಚ್ಚಲಾಗುವುದಿಲ್ಲ.

ತಾರಸಿ ಮನೆಯಾದರೆ ಮೇಲೆ ನೋಡಿ. ಉಪ್ಪುಗಾಳಿಗೆ ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಊದುತ್ತದೆ, ಊದಿದ ಕಬ್ಬಿಣ ಕಾಂಕ್ರೀಟನ್ನು ಒಡೆದು ಕೆಳಗೆ ಬೀಳಿಸುತ್ತದೆ. ಉದ್ದನೆಯ ಬಿರುಕಿನ ಜೊತೆ ತುಕ್ಕಿನ ಗೆರೆ ಇದ್ದರೆ ಅದರ ಕೆಳಗೆ ಹಾಸಿಗೆ ಹಾಕಬೇಡಿ. ಸರಳು ಹೊರಗೆ ಕಾಣುತ್ತಿದ್ದರೆ ಆ ಮನೆಯೇ ಬೇಡ. ಹೆಂಚಿನ ಮನೆ ಬೇಸಿಗೆಗೆ ತಂಪು, ಬಾಡಿಗೆಯೂ ಕಡಿಮೆ. ಆದರೆ ಮಂಗಗಳು ಹೆಂಚು ಒಡೆಯುತ್ತವೆ. ಒಡೆದ ಹೆಂಚು ಬದಲಿಸುವವರು ಯಾರು, ಖರ್ಚು ಯಾರದ್ದು ಎಂದು ಮೊದಲೇ ಕೇಳಿ.

ನೀರಿನದು ಇನ್ನೊಂದು ಕಥೆ. ನಗರಸಭೆಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು, ಎಷ್ಟು ಹೊತ್ತು, ಟ್ಯಾಂಕು ಎಷ್ಟು ಲೀಟರಿನದು ಎಂದು ಕೇಳಿಕೊಳ್ಳಿ. ಸ್ನಾನ, ಬಟ್ಟೆ, ಪಾತ್ರೆ, ಶೌಚಾಲಯ ಸೇರಿ ಒಬ್ಬರಿಗೆ ದಿನಕ್ಕೆ ನೂರು ಲೀಟರಿನ ಮೇಲೆಯೇ ಬೇಕು. ಮೂವರಿಗೆ 500 ಲೀಟರಿನ ಟ್ಯಾಂಕು ಒಂದೂವರೆ ದಿನ ಬಂದರೆ ಹೆಚ್ಚು. ಬಾವಿ ಇದ್ದರೆ ಮೇ ತಿಂಗಳ ನೀರನ್ನೇ ಬಾಯಿಗೆ ಹಾಕಿ ನೋಡಬೇಕು. ಅಂತರ್ಜಲ ಇಳಿದಾಗ ಸಮುದ್ರದ ಮತ್ತು ಕಾಳಿಯ ಉಬ್ಬರದ ಉಪ್ಪು ನೀರು ಒಳಗೆ ಜರುಗುತ್ತದೆ. ಆಗಸ್ಟ್‌ನಲ್ಲಿ ಎಳನೀರಿನಂತಿರುವ ಬಾವಿ ಮೇ ಕೊನೆಗೆ ಬಾಯಿಗಿಡಲಾಗದಂತೆ ಆಗಬಹುದು.

ಕೊನೆಗೆ ಸ್ವಿಚ್ ಬೋರ್ಡು. ಒದ್ದೆ ಗೋಡೆಯಲ್ಲಿ ಹೋದ ವೈರು ಇಲ್ಲಿ ನಿಜವಾದ ಅಪಾಯ. ಮೇನ್ ಬೋರ್ಡಿನಲ್ಲಿ ಫ್ಯೂಸು ಅಥವಾ ಎಂ.ಸಿ.ಬಿ. ಮಾತ್ರ ಇದ್ದರೆ ಸಾಲದು, ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಅಲಂಕಾರಕ್ಕೆ ಇದೆ ಎಂದರ್ಥ. ಪ್ರತಿ ಕೋಣೆಯಲ್ಲೂ ನಿಂತು ಒಂದು ಫೋನು ಮಾಡಿ. ದಪ್ಪ ಚಿರೆಕಲ್ಲಿನ ಗೋಡೆಯೊಳಗೆ ಸಿಗ್ನಲ್ ಸಾಯುತ್ತದೆ.

ಅಡ್ವಾನ್ಸ್, ಕರಾರು

ಕರಾರು ಪತ್ರವನ್ನು 11 ತಿಂಗಳಿಗೆ ಮಾಡುವುದು ರೂಢಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮಾಡಿದರೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಇ-ಸ್ಟ್ಯಾಂಪ್ ಕಾಗದದಲ್ಲಿ ಟೈಪ್ ಮಾಡಿಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ.

ಹೆಚ್ಚಿನ ಕಡೆ ಎಡವುವುದು ಹೆಸರಿನಲ್ಲಿ. ಮೂವರು ಇರುವ ಮನೆಗೆ ಒಬ್ಬನ ಹೆಸರಲ್ಲಿ ಮಾತ್ರ ಕರಾರು ಆಗುತ್ತದೆ, ಡಿಪಾಸಿಟ್ ಮೂವರೂ ಸೇರಿ ಕೊಟ್ಟಿರುತ್ತಾರೆ. ಎಂಟು ತಿಂಗಳಿಗೆ ಹೆಸರಿದ್ದವನಿಗೇ ವರ್ಗವಾದರೆ ಉಳಿದ ಇಬ್ಬರು ಕಾಗದದ ಪ್ರಕಾರ ಆ ಮನೆಯಲ್ಲಿ ಯಾರೂ ಅಲ್ಲ. ಮೂವರ ಹೆಸರೂ ಇರಲಿ, ಯಾರು ಎಷ್ಟು ಡಿಪಾಸಿಟ್ ಕೊಟ್ಟರು ಎಂಬುದೂ ಇರಲಿ. ಹಣವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಓನರ್‌ಗೆ ಹಾಕಲಿ.

ಇನ್ನು ಬಾಯಿಮಾತಿಗೆ ಬಿಡದೆ ಬರೆಸಲೇಬೇಕಾದ ಕೆಲವು:

– ಮಳೆಯಿಂದ ಗೋಡೆಗೆ ಹಿಡಿಯುವ ಬೂಸ್ಟು, ಕಿಟಕಿ ಸರಳಿನ ತುಕ್ಕು ಸಹಜ ಸವೆತ. ಅದಕ್ಕೆ ಡಿಪಾಸಿಟ್‌ನಲ್ಲಿ ಹಿಡಿಯುವಂತಿಲ್ಲ.
– ಬಿಡುವಾಗ ಬಣ್ಣದ ಖರ್ಚು ಹಿಡಿಯುವುದಾದರೆ ಎಷ್ಟು. ‘ಒಂದು ತಿಂಗಳ ಬಾಡಿಗೆ’ ಎಂದು ಓನರ್ ಹೇಳಿದರೆ ಚೌಕಾಸಿ ಮಾಡುವ ಹೊತ್ತು ಇದೇ.
– ಸೋರಿಕೆ, ಪಂಪು, ಮೇನ್ ವೈರಿಂಗ್ ರಿಪೇರಿ ಓನರ್‌ದು. ಬಲ್ಬು, ನಲ್ಲಿಯ ವಾಷರ್ ನಿಮ್ಮದು.
– ಎರಡೂ ಕಡೆಯಿಂದ ಎಷ್ಟು ದಿನದ ನೋಟಿಸು. ಒಬ್ಬರು ಬಿಟ್ಟು ಇನ್ನೊಬ್ಬರು ಬಂದರೆ ಓನರ್ ಒಪ್ಪಿಗೆ ಹೇಗೆ.
– ಮಾಂಸ-ಮೀನು ಬೇಯಿಸಬಹುದೇ, ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ, ಅಪ್ಪ-ಅಮ್ಮ ಬಂದರೆ ಉಳಿಯಬಹುದೇ.

ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕೆ ಮರೆಸಿದ ಮಾಸ್ಕ್ಡ್ ಆಧಾರ್ ಕೊಡಿ, ಮೇಲೆ ‘ಮನೆ ಬಾಡಿಗೆ ಕರಾರಿಗೆ ಮಾತ್ರ’ ಎಂದು ದಿನಾಂಕ ಹಾಕಿ ಬರೆಯಿರಿ. ಬೀಗದ ಕೈ ತೆಗೆದುಕೊಂಡ ದಿನವೇ ಸಾಮಾನು ಒಳಗಿಡುವ ಮೊದಲು ಪ್ರತಿ ಕೋಣೆಯ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್ ಮಾಡಿಬಿಡಿ. ಒಡೆದ ಟೈಲ್ಸು, ಸೋರುವ ನಲ್ಲಿ, ಗೋಡೆಯ ಕಲೆ, ಮೀಟರ್ ರೀಡಿಂಗು ಎಲ್ಲವೂ ಅದರಲ್ಲಿ ಕಾಣಲಿ.

ಕರೆಂಟು ಬಿಲ್ಲು

ಇಲ್ಲಿ ಹೆಸ್ಕಾಂ. ಹಳೆಯ ಬಿಲ್ಲು ಕೇಳಿ ಪಡೆದು ಮೂರು ಸಂಗತಿ ನೋಡಿ: ಬಾಕಿ ಇದೆಯೇ, ಮೀಟರು ಈ ಮನೆಗೇ ಪ್ರತ್ಯೇಕವಾಗಿದೆಯೇ, ಗೃಹಜ್ಯೋತಿ ಯಾರ ಆಧಾರ್‌ಗೆ ಜೋಡಣೆಯಾಗಿದೆ. ಹಿಂದಿನ ಬಾಡಿಗೆದಾರರ ಹೆಸರಲ್ಲೇ ಇದ್ದರೆ ಅವರಿಂದ ಡಿ-ಲಿಂಕ್ ಮಾಡಿಸಿ, ಸೇವಾಸಿಂಧುವಿನಲ್ಲಿ ನಿಮ್ಮಲ್ಲೊಬ್ಬರ ಹೆಸರಿಗೆ ನೋಂದಣಿ ಮಾಡಬೇಕು. ಬಾಡಿಗೆದಾರರಿಗೂ ಯೋಜನೆ ಸಿಗುತ್ತದೆ. ಉಚಿತ ಯೂನಿಟ್ ಎಷ್ಟು ಎಂಬುದು ಆ ಸಂಪರ್ಕದ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. 200 ಎಂಬುದು ಮೇಲ್ಮಿತಿ, ಎಲ್ಲರಿಗೂ ಸಿಗುವ ಪಾಲಲ್ಲ. ನಿಮ್ಮ ಪಾಲು ಮೀರಿ 200ರ ಒಳಗಿದ್ದರೆ ಹೆಚ್ಚಿನದಕ್ಕಷ್ಟೇ ದುಡ್ಡು. 200 ದಾಟಿತೆಂದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಒಂಟಿ ಸಂಸಾರಕ್ಕೆ 200 ದಾಟುವುದು ಕಷ್ಟ, ಮೂವರು ದುಡಿಯುವವರ ಮನೆಗೆ ಸಲೀಸು. 2 ಕಿಲೋವ್ಯಾಟಿನ ಗೀಸರನ್ನು ಮೂವರು ತಲಾ 20 ನಿಮಿಷ ಹಾಕಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಹಳೆಯ 75 ವ್ಯಾಟಿನ ಫ್ಯಾನು ಮೂರು, ದಿನಕ್ಕೆ ಹತ್ತು ತಾಸು ತಿರುಗಿದರೆ 67. ಫ್ರಿಜ್ಜಿಗೆ ಸುಮಾರು 30. ದೀಪ, ಲ್ಯಾಪ್‌ಟಾಪು, ಇಸ್ತ್ರಿ ಸೇರಿ 20. ಇಲ್ಲಿಗೇ 177 ಆಯಿತು. ಗ್ಯಾಸು ಉಳಿಸೋಣ ಎಂದು ಯಾರೋ ಇಂಡಕ್ಷನ್ ಒಲೆ ತಂದು ದಿನಕ್ಕೆ ಒಂದು ತಾಸು ಉರಿಸಿದರೆ ಇನ್ನೊಂದು 45. ಬಿಲ್ಲು 200 ದಾಟಿದ ತಿಂಗಳು ಜಗಳ ಶುರುವಾಗುವುದು ಹೀಗೆಯೇ. ಪ್ರತಿ ತಿಂಗಳ ನಡುವೆ ಒಮ್ಮೆ ಮೀಟರು ನೋಡಿ. 110 ದಾಟಿದ್ದರೆ ಗೀಸರನ್ನು ಹತ್ತು ನಿಮಿಷಕ್ಕೆ ಇಳಿಸಿ. 30 ವ್ಯಾಟ್ ಆಸುಪಾಸಿನ ಬಿ.ಎಲ್.ಡಿ.ಸಿ. ಫ್ಯಾನನ್ನು ಸ್ವಂತಕ್ಕೆ ಕೊಂಡು ಹಾಕಿಸಿದರೆ ಮನೆ ಬಿಡುವಾಗ ಕಳಚಿ ಒಯ್ಯಬಹುದು. ಓನರ್ ಮನೆಯ ಮೀಟರಿನಿಂದಲೇ ಲೈನು ಎಳೆದು ‘ಯೂನಿಟ್‌ಗೆ ಇಷ್ಟು’ ಎನ್ನುವ ಕಡೆ ಗೃಹಜ್ಯೋತಿಯ ಆಸೆ ಬಿಡಿ. ಆ ನಷ್ಟವನ್ನು ಬಾಡಿಗೆಯಲ್ಲಿ ಇಳಿಸಿ ಕೇಳಿ.

ಗ್ಯಾಸು, ಅಕ್ಕಿ, ಮೀನು

ವಾಸದ ದಾಖಲೆ ಇನ್ನೂ ಆಗದವರಿಗೆ 5 ಕೆ.ಜಿ.ಯ ಚಿಕ್ಕ ಸಿಲಿಂಡರು ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಕೆ.ಜಿ. ಲೆಕ್ಕದಲ್ಲಿ ದುಬಾರಿ, ಆದರೆ ಶುರುವಿಗೆ ಆದೀತು. ಕರಾರು ಕೈಗೆ ಬಂದ ಮೇಲೆ 14.2 ಕೆ.ಜಿ.ಯ ಸಂಪರ್ಕ ಮಾಡಿಸಿ. ಮೂವರು ಎರಡು ಹೊತ್ತು ಬೇಯಿಸಿಕೊಂಡರೆ ಅದು ಒಂದರಿಂದ ಒಂದೂವರೆ ತಿಂಗಳು ಬರುತ್ತದೆ. ಸಂಪರ್ಕ ಯಾರ ಹೆಸರಲ್ಲಿದೆಯೋ ಅವರ ಮೊಬೈಲಿಗೇ ಡೆಲಿವರಿಯ ಓಟಿಪಿ ಬರುತ್ತದೆ. ಶನಿವಾರ ಊರಿಗೆ ಹೋಗಿ ನೆಟ್‌ವರ್ಕ್ ಸಿಗದ ತೋಟದಲ್ಲಿ ಕುಳಿತವರ ಹೆಸರಲ್ಲಿ ಮಾಡಿಸಿದರೆ ಸಿಲಿಂಡರು ಬಾಗಿಲಿಗೆ ಬಂದು ವಾಪಸ್ ಹೋಗುತ್ತದೆ. ಮನೆಯಲ್ಲಿ ಮೊದಲೇ ಬಿದ್ದಿದ್ದ ಗ್ಯಾಸ್ ಪೈಪನ್ನು ಬಳಸಬೇಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯಸ್ಸು ಐದು ವರ್ಷ, ತಾರೀಕು ಅದರ ಮೇಲೇ ಇರುತ್ತದೆ.

ಅಕ್ಕಿಯ ವಿಷಯ ಹೊರಗಿನವರಿಗೆ ಸಣ್ಣದೆನಿಸಬಹುದು. ಘಟ್ಟದ ಮೇಲಿನವರಿಗೆ ಬೆಳ್ತಿಗೆ ಅನ್ನ, ಕರಾವಳಿಯವರಿಗೆ ಕುಚ್ಚಿಗೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಲಾಗದು. ಬೆಳ್ತಿಗೆ ಕುಕ್ಕರಿನಲ್ಲಿ ಹತ್ತು ನಿಮಿಷಕ್ಕೆ ಆದರೆ, ಕುಚ್ಚಿಗೆಗೆ ಐದಾರು ಪಟ್ಟು ನೀರು ಬೇಕು, ಅರ್ಧ ತಾಸಿಗೂ ಮೇಲೆ ಬೇಯಬೇಕು, ಗಂಜಿ ಬಸಿಯಬೇಕು. ರಾತ್ರಿಯೇ ನೆನೆಸಿಟ್ಟರೆ ಹೊತ್ತು ತಗ್ಗುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಹಂಚಿಕೊಂಡ ಮನೆಗಳು ಚೆನ್ನಾಗಿ ನಡೆಯುತ್ತವೆ.

ಮೀನಿನ ವಿಷಯವನ್ನು ಮನೆ ಸೇರುವ ಮೊದಲೇ ಮುಖ ಕೊಟ್ಟು ಮಾತಾಡಿ. ‘ನಮಗೇನೂ ತೊಂದರೆ ಇಲ್ಲ’ ಎಂದವರು ತಿಂಗಳೊಳಗೆ ಬಾಗಿಲು ಹಾಕಿಕೊಂಡು ಉಣ್ಣತೊಡಗುತ್ತಾರೆ. ಸಸ್ಯಾಹಾರಿಗಳೂ ಮೀನು ತಿನ್ನುವವರೂ ಸೇರಿ ಇರುವುದಾದರೆ ಬಾಣಲೆ, ಚಾಕು, ಪಾತ್ರೆ ತೊಳೆಯುವ ಸ್ಕ್ರಬ್ಬರ್ ಮೂರೂ ಬೇರೆ ಇರಲಿ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ, ವಾಸನೆ ಉಳಿಯುವುದು ಅದರಲ್ಲೇ. ಬಂಗಡೆ, ತಾರ್ಲೆಯನ್ನು ಮಾರುಕಟ್ಟೆಯಲ್ಲೇ ಸ್ವಚ್ಛ ಮಾಡಿಸಿ ತನ್ನಿ. ಹುರುಪೆ ಸಿಂಕಿನ ಪೈಪಿನಲ್ಲಿ ಸಿಕ್ಕಿಕೊಂಡರೆ ಪ್ಲಂಬರ್ ಬರಬೇಕಾಗುತ್ತದೆ. ತೊಳೆದ ನೀರು ತೆಂಗಿನ ಬುಡಕ್ಕೆ. ಮುಳ್ಳು, ತಲೆ, ತಿಸರೆಯ ಚಿಪ್ಪುಗಳನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿ ಬರುವ ಬೆಳಗಿನವರೆಗೆ ಮುಚ್ಚಳದ ಡಬ್ಬಿಯಲ್ಲಿಡಿ. ಹೊರಗಿಟ್ಟರೆ ಬೆಕ್ಕು, ನಾಯಿ, ಕಾಗೆ ಸೇರಿ ಓನರ್ ಅಂಗಳದ ತುಂಬ ಹರಡಿರುತ್ತವೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಸಿ ಮೀನು ದುಬಾರಿಯಾಗುತ್ತದೆ, ಮೇ ತಿಂಗಳಲ್ಲೇ ಒಣಮೀನು ಮನೆಗೆ ಬರುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಡುಗೆಮನೆಯಲ್ಲಿಟ್ಟರೆ ಆ ಮಳೆಗಾಲ ಯಾರಿಗೂ ನೆಮ್ಮದಿಯಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಹೊರಗಿನ ಜಗಲಿಯ ಎತ್ತರದ ಹಲಗೆಯ ಮೇಲಿಡಿ. ತೇವ ತಗುಲಿದರೆ ಹುಳು ಬೀಳುತ್ತದೆ, ಬಿಸಿಲು ಕಂಡ ದಿನವೆಲ್ಲ ಹೊರಗೆ ಹಾಕಬೇಕು.

ದುಡ್ಡಿನ ಲೆಕ್ಕ

ಬಾಡಿಗೆಯನ್ನು ಸಮನಾಗಿ ಹಂಚುವುದು ಕೋಣೆಗಳು ಸಮನಾಗಿದ್ದರೆ ಮಾತ್ರ ಸರಿ. 9,000 ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ಬಚ್ಚಲು ಸೇರಿದ ಕೋಣೆಗೆ 3,600, ಇನ್ನೊಂದಕ್ಕೆ 3,000, ಹಾಲ್‌ನಲ್ಲಿ ಮಲಗುವವರಿಗೆ 2,400. ಪಶ್ಚಿಮದ ಒದ್ದೆ ಗೋಡೆಯ ಕೋಣೆಗೂ ಸ್ವಲ್ಪ ಇಳಿಸಿ.

ದಿನಸಿಗೆ ಪ್ರತಿ ತಿಂಗಳು ಪಟ್ಟಿ ಹಾಕಿ ಒಂದೇ ಕಡೆ ದುಡ್ಡು ಸೇರಿಸಿ, ಅಡುಗೆಮನೆಯ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿ. ವಾರದ ಕೊನೆಗೆ ಊರಿಗೆ ಹೋಗುವವರು, ಹೋಗದವರು ಎಂದು ತಕರಾರು ಬರುವುದು ಖಚಿತ. ಅದಕ್ಕೆ ಊಟದ ದಿನಗಳ ಲೆಕ್ಕ ಒಳ್ಳೆಯದು. ತಿಂಗಳ ದಿನಸಿ 6,000 ಆಯಿತು, ಒಬ್ಬರು 30 ದಿನ ಉಂಡರು, ಇನ್ನೊಬ್ಬರು 22, ಮತ್ತೊಬ್ಬರು 26. ಒಟ್ಟು 78 ದಿನ, ದಿನಕ್ಕೆ 77 ರೂಪಾಯಿ. ಅಲ್ಲಿಗೆ 2,310, 1,694 ಮತ್ತು 2,002. ಹೆಚ್ಚಾದ ಆರು ರೂಪಾಯಿ ಡಬ್ಬಿಗೆ. ಬಾಡಿಗೆ, ವೈಫೈ, ನೀರಿನ ಬಿಲ್ಲಿಗೆ ಈ ರಿಯಾಯಿತಿ ಇಲ್ಲ, ಇದ್ದರೂ ಇಲ್ಲದಿದ್ದರೂ ಸಮಪಾಲು. ಮೀನು, ಮೊಟ್ಟೆ ತಿಂದವರ ಖಾತೆಗೆ. ತರಕಾರಿಯನ್ನು ಭಾನುವಾರದ ಸಂತೆಯಲ್ಲಿ ವಾರಕ್ಕಾಗುವಷ್ಟು ತಂದರೆ ಅಂಗಡಿಗಿಂತ ಅಗ್ಗ.

ಸಾಮಾನು ಇಳಿಸುವುದು

ಮೇ ಕೊನೆಯೊಳಗೆ ಸಾಗಿಸಿ ಮುಗಿಸಿ. ಜೋರು ಮಳೆಗೆ ದೇವಿಮನೆ ಘಟ್ಟವಾಗಲಿ ಅರಬೈಲ್ ಘಟ್ಟವಾಗಲಿ ನಂಬುವಂತಿಲ್ಲ; 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಅಂಕೋಲಾ ಬಳಿ ಹೆದ್ದಾರಿಯೇ ಬಂದಾಗಿತ್ತು. ಮೂವರ ಸಾಮಾನು ಒಂದು ಪಿಕಪ್‌ಗೆ ಸಾಕು, ಮೇಲೆ ತಾಡಪಾಲು ಬಿಗಿಯಿರಿ.

ಏನು ತರಬಾರದು ಎಂಬುದೇ ಮುಖ್ಯ. ಹತ್ತಿಯ ದಪ್ಪ ಗಾದಿ ತೇವ ಹೀರಿ ಮೂರು ತಿಂಗಳು ಒಣಗುವುದಿಲ್ಲ. ಕಬ್ಬಿಣದ ಅಗ್ಗದ ಮಂಚ ಎರಡು ಮಳೆಗಾಲ ತಡೆಯುವುದಿಲ್ಲ. ಹಾಸಿಗೆ ನೆಲಕ್ಕೆ ತಾಗದಂತೆ ಕೆಳಗೆ ಗಾಳಿಯಾಡಲು ಮರದ ಪಟ್ಟಿ ಕೊಡಿ, ಗೋಡೆಯಿಂದ ನಾಲ್ಕು ಇಂಚು ದೂರ ಇಡಿ. ಅಂಕಪಟ್ಟಿ, ಸರ್ಟಿಫಿಕೇಟುಗಳ ಮೂಲಪ್ರತಿ ಊರಲ್ಲೇ ಇರಲಿ, ಇಲ್ಲಿಗೆ ಜೆರಾಕ್ಸ್ ಸಾಕು. ಅಮ್ಮ ಕಟ್ಟಿಕೊಡುವ ಹಪ್ಪಳ, ಸಂಡಿಗೆ ಗಾಳಿಯಾಡದ ಡಬ್ಬಿಗೆ. ಜೋನಿಬೆಲ್ಲದ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಡಿ. ಇಲ್ಲದಿದ್ದರೆ ಇರುವೆಗಳಿಗೆ ಹಬ್ಬ. ಬಟ್ಟೆ ಒಣಗಿಸಲು ಒಳಗೇ ನೈಲಾನ್ ಹಗ್ಗ ಎಳೆದು ಕೆಳಗೆ ಫ್ಯಾನು ಬಿಡಬೇಕು. ತಲಾ ಇಷ್ಟು ದಿನ ಎಂದು ಹಗ್ಗವನ್ನೂ ಹಂಚಿಕೊಳ್ಳಬೇಕಾಗುತ್ತದೆ.

ಒಬ್ಬರು ಬಿಟ್ಟು ಹೋಗುವಾಗ

ಹೊಸಬರು ಹಳಬರಿಗೆ ಡಿಪಾಸಿಟ್ ಪಾಲು ಕೊಡುವುದು ರೂಢಿ, ಓನರ್ ಬಳಿಯ ಮೊತ್ತ ಹಾಗೇ ಇರುತ್ತದೆ. ಕೊಡುವ ಮೊದಲು ಹಳಬರ ಕೋಣೆಯ ಹಾನಿ, ದಿನಸಿಯ ಬಾಕಿ ಕಳೆಯಿರಿ, ಹೆಸರು ಬದಲಾದದ್ದನ್ನು ಓನರ್‌ಗೆ ವಾಟ್ಸಾಪ್‌ನಲ್ಲಿ ತಿಳಿಸಿ ‘ಆಯ್ತು’ ಎಂಬ ಉತ್ತರ ಬರುವವರೆಗೆ ಹಣ ಹಾಕಬೇಡಿ. ಗೃಹಜ್ಯೋತಿಯೋ ಗ್ಯಾಸೋ ಹೋಗುವವರ ಹೆಸರಲ್ಲಿದ್ದರೆ ಅವರು ಊರು ಬಿಡುವ ಮುನ್ನವೇ ಡಿ-ಲಿಂಕ್, ಸಂಪರ್ಕ ವಾಪಸಾತಿ ಮುಗಿಸಿ. ಹೋದ ಮೇಲೆ ಓಟಿಪಿಗಾಗಿ ಬೆನ್ನು ಹತ್ತುವುದು ಬೇಡ. ಪೂರ್ತಿ ಮನೆ ಬಿಡುವುದಾದರೆ ಮಳೆ ನಿಂತ ಅಕ್ಟೋಬರ್-ನವೆಂಬರ್ ಆರಿಸಿಕೊಳ್ಳಿ. ಆಗ ಗೋಡೆ ಒಣಗಿರುತ್ತದೆ, ಒರೆಸಿದರೆ ಬೂಸ್ಟು ಹೋಗುತ್ತದೆ, ಓನರ್ ಡಿಪಾಸಿಟ್‌ನಲ್ಲಿ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ.